ಮಕ್ಕಳು ತಾವೇ ಕೂತು ಓದಬೇಕಾ? ಮೂರು ನಿಮಿಷದಿಂದ ಶುರು ಮಾಡಿ

ಮೊದಲ ಸಲ ಇದಕ್ಕೆ ಕೈ ಹಾಕಿದಾಗ ನಾನು ನಾಲ್ಕೇ ನಿಮಿಷಕ್ಕೆ ಸೋತೆ. ನಾಲ್ಕು ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ, ಒಟ್ಟು 28 ಮಕ್ಕಳು. ಬೀರು ತೆಗೆದು ಒಬ್ಬೊಬ್ಬರ ಕೈಗೂ ಒಂದೊಂದು ಕಥೆ ಪುಸ್ತಕ ಕೊಟ್ಟು, 'ಇಪ್ಪತ್ತು ನಿಮಿಷ ಮನಸ್ಸಲ್ಲೇ ಓದಿಕೊಳ್ಳಿ' ಅಂದೆ. ಮೊದಲ ನಿಮಿಷ ಬರೀ ಪುಟ ತಿರುವುವ ಸದ್ದು. ಎರಡನೇ ನಿಮಿಷಕ್ಕೆ ಒಬ್ಬ ಎದ್ದು ಬಂದು 'ಮಿಸ್, ಆಯ್ತು' ಅಂದ. ಅವನ ಹಿಂದೆ ಇನ್ನೂ ಆರು ಜನ. ಕೊನೆ ಸಾಲಿನಲ್ಲಿ ಇಬ್ಬರಿಗೆ ಒಂದೇ ಆನೆ ಪುಸ್ತಕ ಬೇಕಾಗಿತ್ತು, ಎಳೆದಾಡಿ ಹಾಳೆ ಕಿತ್ತುಬಂತು. ಒಂದು ಮೂಲೆಯಲ್ಲಿ ನಾಲ್ಕು ಹುಡುಗಿಯರು ಪದ್ಯ ಒಪ್ಪಿಸುವ ಹಾಗೆ ರಾಗ ಎಳೆದು ಜೋರಾಗಿ ಓದುತ್ತಿದ್ದರು. ನಾನು ಪುಸ್ತಕವನ್ನೆಲ್ಲ ವಾಪಸ್ ಇಸ್ಕೊಂಡು, ಬೀರಿಗೆ ಬೀಗ ಹಾಕಿ, ಬೋರ್ಡ್ ಮೇಲೆ ಗುಣಾಕಾರದ ಲೆಕ್ಕ ಬರೆದೆ.

ಆಮೇಲೆ ಯೋಚನೆ ಮಾಡಿದಾಗ ಅನಿಸಿದ್ದು, ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಒಬ್ಬರೇ ಕೂತು ಓದುವುದು ಹೇಗೆ ಅಂತ ಅವರಿಗೆ ಯಾರೂ ತೋರಿಸಿಯೇ ಇರಲಿಲ್ಲ. ನಮ್ಮಲ್ಲಿ ಓದು ಅಂದರೆ ಟೀಚರ್ ಒಂದು ಸಾಲು ಓದುವುದು, ಎಲ್ಲರೂ ಕೂಗಿ ಹೇಳುವುದು. ಹಾಗೆ ಕೂಗಿ ಕೂಗಿ ಪಾಠದ ಒಂದು ಪುಟವನ್ನು ಪುಸ್ತಕ ನೋಡದೆಯೇ ಒಪ್ಪಿಸುವ ಮಕ್ಕಳಿದ್ದಾರೆ. ಅದೇ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿ ನೋಡಿ, ಮೊದಲ ಸಾಲಿನಿಂದ ಹೇಳಿಕೊಂಡು ಬಂದು ಆ ಪದ ಮುಟ್ಟುತ್ತಾರೆ. ಅಂಥ ಮಗುವಿಗೆ ಇದ್ದಕ್ಕಿದ್ದಂತೆ 'ನೀನೇ ಓದಿಕೋ' ಅಂದರೆ ಏನು ಮಾಡಬೇಕು ಪಾಪ?

ಹಾಗಾಗಿ ನಾನು ಹೇಳುವುದು ಇಷ್ಟೇ: ಓದಿಸುವುದು ಆಮೇಲೆ. ಮೊದಲು ಪುಸ್ತಕದ ಜೊತೆ ಸುಮ್ನೆ ಕೂರುವುದನ್ನು ಪಾಠ ಮಾಡಿದ ಹಾಗೆ ಕಲಿಸಿ. ಮೂರು ವಾರ ಹೋಗುತ್ತದೆ, ಹೋಗಲಿ.

ಬೀರಿನಿಂದ ಹೊರಗೆ

ಪುಸ್ತಕ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಇರಬೇಕು. ಇದು ಎಲ್ಲರಿಗೂ ಗೊತ್ತಿದೆ, ಆದರೂ ಮಾಡುವುದಿಲ್ಲ. ಯಾಕೆ ಅಂತಲೂ ಎಲ್ಲರಿಗೂ ಗೊತ್ತು: ಸ್ಟಾಕ್ ರಿಜಿಸ್ಟರ್. ಒಂದು ಪುಸ್ತಕ ಕಡಿಮೆ ಬಂದರೆ ಚಾರ್ಜ್ ಕೊಡುವಾಗ, ಅಂದರೆ ಜವಾಬ್ದಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ, ನಮ್ಮ ತಲೆಗೇ ಬರುತ್ತದೆ ಎಂಬ ಭಯ. ನಾನು ಮೊದಲು ಇದ್ದ ಶಾಲೆಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಪುಸ್ತಕಗಳಿಗೆ ಗೆದ್ದಲು ಹತ್ತಿತ್ತು. ಆದರೆ ರಿಜಿಸ್ಟರಿನಲ್ಲಿ ಒಂದೂ ಕಡಿಮೆ ಇರಲಿಲ್ಲ!

ಮುಖ್ಯ ಶಿಕ್ಷಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ 'ಪುಸ್ತಕ ಬಳಕೆಯಲ್ಲಿ ಹರಿಯಬಹುದು, ಕಳೆಯಬಹುದು' ಅಂತ ಒಂದು ಸಾಲು ನಡಾವಳಿಯಲ್ಲಿ ಬರೆಸಿಬಿಟ್ಟರೆ ಎಲ್ಲರಿಗೂ ಧೈರ್ಯ ಬರುತ್ತದೆ. ಆಮೇಲೆ ಗೋಡೆಯಿಂದ ಗೋಡೆಗೆ, ಮಕ್ಕಳ ಎದೆಯ ಎತ್ತರಕ್ಕೆ, ನೈಲಾನ್ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್‌ನಲ್ಲಿ ಪುಸ್ತಕ ನೇತುಹಾಕಿ. ಮುಖಪುಟ ಕಾಣಬೇಕು. ಬೆನ್ನು ಮಾತ್ರ ಕಾಣುವ ಹಾಗೆ ಸಾಲಾಗಿ ಜೋಡಿಸಿದರೆ ದೊಡ್ಡವರು ಹುಡುಕಿ ತೆಗೆಯುತ್ತಾರೆ, ಮಕ್ಕಳು ಮುಟ್ಟುವುದೇ ಇಲ್ಲ. ದಪ್ಪ ಪುಸ್ತಕಕ್ಕೆ ಕ್ಲಿಪ್ ನಿಲ್ಲುವುದಿಲ್ಲ, ಅದಕ್ಕೆ ಹಣ್ಣಿನ ಅಂಗಡಿಯ ರಟ್ಟಿನ ಪೆಟ್ಟಿಗೆ ಸಾಕು.

ಎಷ್ಟು ಪುಸ್ತಕ ಬೇಕು? ಒಂದು ಮಗುವಿಗೆ ಮೂರರ ಲೆಕ್ಕ. 28 ಮಕ್ಕಳಿಗೆ 80, 90 ಇದ್ದರೆ ಆರಾಮಾಗಿ ಶುರು ಮಾಡಬಹುದು. ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯ ಗ್ರಂಥಾಲಯ ಅನುದಾನದಲ್ಲಿ ಬಂದವು ಬೀರಿನಲ್ಲಿ ಇದ್ದೇ ಇರುತ್ತವೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳ ಬೆಲೆ ಕೈಗೆಟುಕುವಂತಿದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ರಾಶಿ ಇವೆ, ದುಡ್ಡು ಕೊಡದೆ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು, ಅದಕ್ಕೆ ಅವರ ಅನುಮತಿಯೂ ಇದೆ. ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದರೂ ಪರವಾಗಿಲ್ಲ, ನಮ್ಮ ಮಕ್ಕಳು ಅದಕ್ಕೆ ಬಣ್ಣ ಹಚ್ಚಿ ಅದನ್ನೇ ಜಾಸ್ತಿ ಇಷ್ಟಪಟ್ಟರು. ಪತ್ರಿಕೆಗಳ ಮಕ್ಕಳ ಪುಟ ಕತ್ತರಿಸಿ ರಟ್ಟಿಗೆ ಅಂಟಿಸಿ. ಮಕ್ಕಳೇ ಬರೆದ ಕಥೆಗಳನ್ನು ಹೊಲಿದು ಹಗ್ಗಕ್ಕೆ ಏರಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಮರೆಯಬೇಡಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಬಂದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಒಂದು ಮಧ್ಯಾಹ್ನ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ಎಲ್ಲರ ಹೆಸರನ್ನೂ ಬರೆಸಿಬನ್ನಿ.

ಶಾಲಾ ಸಂಸತ್ತಿನಲ್ಲಿ ಗ್ರಂಥಾಲಯ ಮಂತ್ರಿ ಅಂತ ಒಬ್ಬರು ಇರುತ್ತಾರಲ್ಲ, ಪ್ರಮಾಣವಚನ ತೆಗೆದುಕೊಂಡ ದಿನ ಬಿಟ್ಟರೆ ವರ್ಷವಿಡೀ ಕೆಲಸವೇ ಇಲ್ಲದ ಮಂತ್ರಿ, ಅವರಿಗೆ ಹಗ್ಗ ಒಪ್ಪಿಸಿ. ಜೊತೆಗೆ ಗೋಂದು, ಅಂಟು ಟೇಪು, ಸೂಜಿ, ದಾರ ಇರುವ ಒಂದು ಡಬ್ಬಿ. ಹರಿದಿದ್ದನ್ನು ಮಕ್ಕಳೇ ಅಂಟಿಸಲಿ.

ಯಾವ ಪುಸ್ತಕ ಯಾರಿಗೆ

ಐದು ಬೆರಳಿನ ಲೆಕ್ಕ ನೀವು ಕೇಳಿರಬಹುದು. ಒಂದು ಪುಟ ಓದು, ತಡವರಿಸಿದ ಪ್ರತಿ ಪದಕ್ಕೂ ಒಂದು ಬೆರಳು ಮಡಚು, ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಇದು ಇಂಗ್ಲಿಷ್ ಪುಸ್ತಕಗಳಿಗೆ ಮಾಡಿದ ಲೆಕ್ಕ. ನಮ್ಮ ಚಿತ್ರಕಥೆಯ ಒಂದು ಪುಟದಲ್ಲಿ ಇರುವುದೇ ಹದಿನೈದಿಪ್ಪತ್ತು ಪದ, ಅದರಲ್ಲಿ ಐದು ಎಡವಿದರೆ ಕಥೆ ಎಲ್ಲಿ ಉಳಿಯಿತು? ನಾನು ಮೂರಕ್ಕೆ ಇಳಿಸಿದ್ದೇನೆ.

ಇನ್ನೊಂದು ವಿಷಯ, ಇದನ್ನು ತಿಳಿಯಲು ನನಗೇ ಒಂದು ವರ್ಷ ಬೇಕಾಯಿತು. ಪುಸ್ತಕದ ಹಿಂದೆ ಹಂತ 1, ಹಂತ 2 ಅಂತ ಹಾಕಿರುತ್ತಾರಲ್ಲ, ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಸ್ಟೋರಿವೀವರ್‌ನಲ್ಲಿ ಮೊದಲ ಹಂತ ಅಂದರೆ 250 ಪದದೊಳಗಿನ ಕಥೆ. ಆದರೆ ಕನ್ನಡದಲ್ಲಿ ಪದ ಎಷ್ಟಿದೆ ಅನ್ನುವುದಕ್ಕಿಂತ ಪದ ಎಷ್ಟು ಉದ್ದ ಇದೆ, ಎಷ್ಟು ಒತ್ತಕ್ಷರ ಇದೆ ಅನ್ನುವುದು ಮುಖ್ಯ. 'ಹೊರಟುಹೋಗಿಬಿಟ್ಟಿದ್ದಾನೆ' ಎಂಬುದು ಲೆಕ್ಕಕ್ಕೆ ಒಂದೇ ಪದ. ಮೂರನೇ ತರಗತಿಯಿಂದ ಈಗಷ್ಟೇ ಬಂದ ಮಗುವಿಗೆ ಅದು ಒಂದು ಬೆಟ್ಟ. ಹಾಗಾಗಿ ನಾನು ಬೇಸಿಗೆ ರಜೆಯಲ್ಲಿ ಕೂತು ಪುಸ್ತಕಗಳನ್ನು ನನ್ನದೇ ರೀತಿಯಲ್ಲಿ ಬೇರೆ ಮಾಡಿದೆ. ಒತ್ತಕ್ಷರ ಹೆಚ್ಚುಕಡಿಮೆ ಇಲ್ಲದವು ಒಂದು ಗುಂಪು. 'ಅಮ್ಮ', 'ಬೆಕ್ಕು', 'ಅಜ್ಜಿ' ಥರ ಅದೇ ಅಕ್ಷರದ ಒತ್ತು ಇರುವವು ಇನ್ನೊಂದು. 'ಪುಸ್ತಕ', 'ಚಂದ್ರ', 'ಸೂರ್ಯ' ಥರ ಬೇರೆ ಅಕ್ಷರದ ಒತ್ತು ಬರುವವು ಮೂರನೆಯದು. ಮೂಲೆಗೆ ಒಂದು ಚಿತ್ರದ ಸ್ಟಿಕರ್: ಇರುವೆ, ಮೊಲ, ಆನೆ. ಒಂದರಿಂದ ಮೂರನೇ ತರಗತಿವರೆಗೆ ನಲಿ ಕಲಿಯಲ್ಲಿ, ಅಂದರೆ ಕಾರ್ಡು ಮತ್ತು ಚಟುವಟಿಕೆಗಳ ಮೂಲಕ, ಕಲಿತು ಬಂದ ಮಕ್ಕಳಿಗೆ ಕಾರ್ಡಿನ ಮೇಲಿನ ಚಿತ್ರ ನೋಡಿ ತೆಗೆದುಕೊಳ್ಳುವುದು, ಅದರ ಜಾಗಕ್ಕೇ ವಾಪಸ್ ಇಡುವುದು ಹೇಗೂ ರೂಢಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ನಾಲ್ಕನೇ ತರಗತಿಗೆ ಬಂದ ಕೂಡಲೇ ನಾವು ಆ ರೂಢಿಯನ್ನು ಬಿಡಿಸಿ ಸಾಲಾಗಿ ಬೋರ್ಡ್ ಕಡೆ ಮುಖ ಮಾಡಿ ಕೂರಿಸುತ್ತೇವೆ, ಅದು ಬೇರೆ ಮಾತು.

ಇರುವೆ ಪುಸ್ತಕ ತೆಗೆದುಕೊಂಡ ಐದನೇ ತರಗತಿಯ ಹುಡುಗನನ್ನು ಯಾರಾದರೂ ಅಣಕಿಸಬಹುದು. ಅದಕ್ಕೆ ನಾನೇ ಮೊದಲ ದಿನ ಇರುವೆ ಪುಸ್ತಕವನ್ನು ಎತ್ತಿಕೊಂಡು ಎಲ್ಲರೆದುರು ಓದಿ ನಗುತ್ತಾ ಕೂತಿದ್ದೆ. ಯಾರೂ ಯಾರಿಗೂ 'ನಿಂದು ಮೊಲ' ಅಂತ ಹಂಚುವುದಿಲ್ಲ. ಅವರೇ ಆರಿಸಲಿ, ತಪ್ಪು ಆರಿಸಲಿ, ಬದಲಾಯಿಸಿಕೊಳ್ಳಲಿ.

ಯಾವಾಗ

ಕೊನೆ ಪೀರಿಯಡ್ ಬೇಡವೇ ಬೇಡ. ಮಕ್ಕಳ ಒಂದು ಕಣ್ಣು ಬ್ಯಾಗಿನ ಮೇಲೆ, ಇನ್ನೊಂದು ಗೇಟಿನ ಮೇಲೆ ಇರುತ್ತದೆ. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಹಾಲು, ಹಾಜರಿ, ತಡವಾಗಿ ಬಂದವರ ವಿಚಾರಣೆ. ನನಗೆ ಹೊಂದಿದ್ದು ಬಿಸಿಯೂಟ ಆದ ಮೇಲೆ. ಊಟ ಮುಗಿಸುವುದು ಎಲ್ಲರೂ ಒಟ್ಟಿಗಲ್ಲ ತಾನೆ? ಒಬ್ಬೊಬ್ಬರೇ ತಟ್ಟೆ ತೊಳೆದು, ಕೈ ಒರೆಸಿಕೊಂಡು, ಒಳಗೆ ಬಂದು, ಹಗ್ಗದಿಂದ ಪುಸ್ತಕ ತೆಗೆದು ಕೂರುತ್ತಾರೆ. ಬೆಲ್ ಹೊಡೆಯುವ ಹೊತ್ತಿಗೆ ಅರ್ಧ ತರಗತಿ ಆಗಲೇ ಓದುತ್ತಿರುತ್ತದೆ, ಉಳಿದವರು ಸದ್ದು ಮಾಡದೆ ಬಂದು ಸೇರುತ್ತಾರೆ. ನಾನು 'ಕೂತ್ಕೊಳ್ಳಿ, ಸುಮ್ಮನಿರಿ' ಅಂತ ಗಂಟಲು ಹರಿದುಕೊಳ್ಳುವುದೇ ತಪ್ಪಿತು. ಕೈ ಒರೆಸಿಕೊಳ್ಳುವುದು ಅಂತ ಸುಮ್ನೆ ಬರೆದಿಲ್ಲ, ಬಾಗಿಲ ಪಕ್ಕ ಒಂದು ಹಳೆ ಟವೆಲ್ ನೇತುಹಾಕಿ. ಇಲ್ಲದಿದ್ದರೆ ಎಲ್ಲ ಪುಸ್ತಕಕ್ಕೂ ಸಾಂಬಾರಿನ ವಾಸನೆ.

ಚಾಪೆ, ಜಮಖಾನ, ಗೋಡೆಗೆ ಒರಗುವುದು, ಹೊಟ್ಟೆ ಅಡಿ ಮಾಡಿ ಮಲಗುವುದು, ಎಲ್ಲ ಸರಿ. ಒಂದೇ ನಿಯಮ: ಕೂತ ಜಾಗ ಬಿಟ್ಟು ಏಳುವ ಹಾಗಿಲ್ಲ.

ಮೊದಲ ಮೂರು ವಾರ

ಮೊದಲ ವಾರ ದಿನಕ್ಕೆ ಒಂದೇ ಒಂದು ಸಂಗತಿ. ಸೋಮವಾರ ಪುಸ್ತಕವನ್ನು ಕ್ಲಿಪ್ಪಿನಿಂದ ತೆಗೆಯುವುದು, ವಾಪಸ್ ಹಾಕುವುದು. ಮಂಗಳವಾರ ಉಗುಳು ಹಚ್ಚದೆ ಮೇಲಿನ ಮೂಲೆಯಿಂದ ಪುಟ ತಿರುವುವುದು. ಬುಧವಾರ 'ಗೊತ್ತಿಲ್ಲದ ಪದ ಬಂದರೆ ಏನು ಮಾಡುತ್ತೀರಿ?' ಚಿತ್ರ ನೋಡಿ, ಅಕ್ಷರ ಬಿಡಿಸಿ, ಆಗದಿದ್ದರೆ ಬಿಟ್ಟು ಮುಂದೆ ಹೋಗಿ. ಗುರುವಾರ 'ಪುಸ್ತಕ ಮುಗಿದರೆ?' ಇದಕ್ಕೆ ಉತ್ತರ ತುಂಬಾ ಸುಲಭ, ನನಗೆ ಮಾತ್ರ ತಡವಾಗಿ ಹೊಳೆಯಿತು: ಕೂರುವಾಗಲೇ ಎರಡು ಪುಸ್ತಕ ತೆಗೆದುಕೊಂಡು ಕೂರುವುದು. 'ಮಿಸ್, ಆಯ್ತು' ಎಂಬ ಸಾಲು ಅವತ್ತಿಗೆ ನಿಂತಿತು. ಶುಕ್ರವಾರ ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಿ ತೋರಿಸಿ ಮಾತಿಲ್ಲದೆ ಹೋಗಿಬರುವುದು. ಪ್ರತಿಯೊಂದನ್ನೂ ಒಬ್ಬ ಮಗು ಮೊದಲು ತಪ್ಪಾಗಿ ಮಾಡಿ ತೋರಿಸಲಿ, ಆಮೇಲೆ ಸರಿಯಾಗಿ. ತಪ್ಪಾಗಿ ಮಾಡಲು ನಮ್ಮ ತರಗತಿಯ ತುಂಟ ಹುಡುಗನನ್ನೇ ಕರೆಯುತ್ತಿದ್ದೆ. ಪುಸ್ತಕವನ್ನು ತಲೆ ಮೇಲೆ ಇಟ್ಟುಕೊಂಡು, ಪಕ್ಕದವಳ ಜಡೆ ಎಳೆದು, ಬಿದ್ದು ಬಿದ್ದು ನಗಿಸಿದ. ಆಮೇಲೆ ಅವನೇ ಸರಿಯಾಗಿ ಕೂತು ತೋರಿಸಬೇಕಿತ್ತು, ತೋರಿಸಿದ.

ಪ್ರತಿ ದಿನ ಈ ಅಭ್ಯಾಸ ಆದ ಮೇಲೆ ನಿಜವಾದ ಓದು. ಎಷ್ಟು ಹೊತ್ತು? ಮೂರು ನಿಮಿಷ. ಹೌದು, ಮೂರೇ. ಮಕ್ಕಳು 'ಅಯ್ಯೋ, ಆಗ್ಲೇ ಆಯ್ತಾ' ಅನ್ನುವ ಮೊದಲೇ ನಿಲ್ಲಿಸಬಾರದು, ಅಂದ ಮೇಲೆ ಮುಂದುವರಿಸಲೂಬಾರದು. ಮರುದಿನ ನಾಲ್ಕು. ಯಾರಾದರೂ ಎದ್ದರು, ಮಾತಾಡಿದರು, ಪುಸ್ತಕ ಎಸೆದರು ಅಂದರೆ ಬೈಯುವುದು ಬೇಡ. 'ಇವತ್ತು ಮೂರೂವರೆ ಆಯಿತು, ನಾಳೆ ನೋಡೋಣ' ಅಂತ ಹೇಳಿ ಎಲ್ಲರ ಪುಸ್ತಕವನ್ನೂ ಎತ್ತಿಡಿಸಿ ಬೇರೆ ಪಾಠಕ್ಕೆ ಹೋಗಿಬಿಡಿ. ಗೋಡೆ ಮೇಲೆ ಒಂದು ಡ್ರಾಯಿಂಗ್ ಹಾಳೆ, ದಿನಕ್ಕೆ ಒಂದು ಕಡ್ಡಿ, ನಿಮಿಷಕ್ಕೆ ಒಂದು ಮನೆ ಬಣ್ಣ. ಆ ಕಡ್ಡಿ ಎತ್ತರ ಆಗುವುದನ್ನು ನೋಡಲು ಅವರೇ ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತಾರೆ. ಒಬ್ಬನಿಂದ ಎಲ್ಲರ ಕಡ್ಡಿ ಗಿಡ್ಡ ಆಯಿತು ಅಂತ ಆಟದ ಹೊತ್ತಲ್ಲಿ ಅವನನ್ನು ಹಿಡಿದುಕೊಂಡಿದ್ದೂ ಇದೆ, ಅದರ ಮೇಲೆ ಒಂದು ಕಣ್ಣಿಡಿ.

ನಮಗೆ ಮೂರನೇ ವಾರದ ಕೊನೆಗೆ ಎಂಟು ನಿಮಿಷ ಆಯಿತು, ಗಣೇಶ ಹಬ್ಬದ ಹೊತ್ತಿಗೆ ಹದಿನೈದು. ಅಲ್ಲಿಗೆ ನಾನು ನಿಲ್ಲಿಸಿದೆ, ಇಪ್ಪತ್ತರ ಆಸೆ ಬಿಟ್ಟೆ. ದಸರಾ ರಜೆ ಆದ ಮೇಲೆ ಎಲ್ಲ ಕುಸಿಯುತ್ತದೆ, ಗಾಬರಿಯಾಗಬೇಡಿ. ಐದು ನಿಮಿಷಕ್ಕೆ ಇಳಿಸಿ ಮತ್ತೆ ಏರಿಸಿ, ಒಂದು ವಾರ ಸಾಕಾಗುತ್ತದೆ.

ತುಟಿ ಅಲ್ಲಾಡಿಸುತ್ತಾ, ಬೆರಳಿಟ್ಟುಕೊಂಡು, ಪಿಸುಪಿಸು ಓದುವವರನ್ನು ತಡೆಯಬೇಡಿ. ಆ ವಯಸ್ಸಿಗೆ ಅದು ಸಹಜ, ತಾನಾಗಿ ಬಿಟ್ಟುಹೋಗುತ್ತದೆ. ಪಕ್ಕದವರಿಗೆ ಕೇಳಿಸದಿದ್ದರೆ ಸಾಕು.

ಆ ಹೊತ್ತಲ್ಲಿ ನಾವೇನು ಮಾಡಬೇಕು

ಟೀಚರ್ ಕೂಡ ತನ್ನ ಪುಸ್ತಕ ಹಿಡಿದು ಓದಬೇಕು, ಮಕ್ಕಳು ನೋಡಿ ಕಲಿಯುತ್ತಾರೆ ಅನ್ನುತ್ತಾರೆ. ಮೊದಲ ಎರಡು ವಾರಕ್ಕೆ ಇದು ಸರಿ. ಆಮೇಲೆ ನನಗೆ ಅಷ್ಟಾಗಿ ಒಪ್ಪಿಗೆ ಇಲ್ಲ. ಸುಮ್ನೆ ಪುಸ್ತಕ ಕೊಟ್ಟು ಮೌನವಾಗಿ ಓದಲು ಬಿಟ್ಟರೆ ಓದು ಸುಧಾರಿಸುತ್ತದೆ ಎನ್ನಲು ಸಾಕಷ್ಟು ಆಧಾರ ಸಿಕ್ಕಿಲ್ಲ ಅಂತ ಓದು ಕಲಿಸುವ ಬಗೆಗಿನ ಸಂಶೋಧನೆಗಳನ್ನು ಪರಿಶೀಲಿಸಿದ ಅಮೆರಿಕದ ತಜ್ಞರ ಸಮಿತಿ, ನ್ಯಾಷನಲ್ ರೀಡಿಂಗ್ ಪ್ಯಾನೆಲ್, 2000ರಲ್ಲೇ ವರದಿ ಕೊಟ್ಟಿತ್ತು. ಆಗ ಇದರ ಮೇಲೆ ದೊಡ್ಡ ಜಗಳವೇ ಆಯಿತು. ನನ್ನ ತರಗತಿ ನೋಡಿ ಹೇಳುವುದಾದರೆ, ಪುಟ ತಿರುವುತ್ತಾ ಓದುವ ನಾಟಕ ಮಾಡುವ ಮಕ್ಕಳು ಪ್ರತಿ ವರ್ಷ ನಾಲ್ಕೈದು ಜನ ಇರುತ್ತಾರೆ. ನೀವು ಮೇಜಿನ ಹತ್ತಿರ ಓದುತ್ತಾ ಕೂತರೆ ಅವರು ವರ್ಷವಿಡೀ ನಾಟಕ ಮಾಡಿಕೊಂಡೇ ಇರುತ್ತಾರೆ.

ಹಾಗಾಗಿ ದಿನಕ್ಕೆ ಮೂರು ಮಕ್ಕಳ ಪಕ್ಕ ನೆಲದ ಮೇಲೆ ಕೂರಿ. ಒಬ್ಬರಿಗೆ ಮೂರು ನಾಲ್ಕು ನಿಮಿಷ. 'ಎಲ್ಲಿದ್ದೀಯ, ನನಗೂ ಸ್ವಲ್ಪ ಓದಿ ಹೇಳು' ಅನ್ನಿ, ಪಿಸುದನಿಯಲ್ಲಿ. ತಪ್ಪಿದ ಕೂಡಲೇ ತಿದ್ದುವ ಬಾಯಿಯನ್ನು ಕಟ್ಟಿಕೊಳ್ಳಿ. ಒಂದು ಸಲ ಹೀಗೆ ಕೂತಾಗ ಒಬ್ಬ ಹುಡುಗಿ 'ಅಷ್ಟರಲ್ಲಿ ಒಂದು ಕತ್ತೆ ಬಂತು' ಎಂಬುದನ್ನು 'ಒಂದು ಕತೆ ಬಂತು' ಅಂತ ಓದಿದಳು. ನನ್ನ ನಾಲಿಗೆ ತುದಿಯಲ್ಲಿ 'ತ ಒತ್ತು ನೋಡು' ಎಂಬ ಮಾತಿತ್ತು, ತಡೆದುಕೊಂಡೆ. ಅವಳು ಮುಂದಿನ ಸಾಲಿಗೆ ಹೋದಳು, ಅಲ್ಲಿ ಅದು ಹುಲ್ಲು ತಿನ್ನುತ್ತಿತ್ತು. ನಿಂತಳು. ಚಿತ್ರ ನೋಡಿದಳು. ಬೆರಳು ಹಿಂದಿನ ಸಾಲಿಗೆ ಹೋಯಿತು, ಆ ಒತ್ತಿನ ಕೆಳಗೆ ಒಂದು ಕ್ಷಣ ನಿಂತಿತು, 'ಕತ್... ಕತ್ತೆ! ಮಿಸ್, ಕತೆ ಹುಲ್ಲು ತಿನ್ನಲ್ಲ!' ಅಂತ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನಾನು ತಿದ್ದಿದ್ದರೆ ಆ ಒತ್ತಕ್ಷರ ನನ್ನದಾಗುತ್ತಿತ್ತು.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಮಗುವಿಗೊಂದು ಪುಟ ಮಾಡಿ. ಯಾವ ಪುಸ್ತಕ, ಎಲ್ಲಿ ತಡವರಿಸಿತು, ಒಂದೇ ಸಾಲು. 'ರ' ಒತ್ತು, ಅರ್ಕಾವತ್ತಿನಲ್ಲಿ ಎಂಟು ಜನ ಎಡವುತ್ತಿದ್ದಾರೆ ಅಂತ ಗೊತ್ತಾದರೆ ಅದನ್ನು ಮರುದಿನದ ಕನ್ನಡ ಪೀರಿಯಡ್‌ನಲ್ಲಿ ಕಲಿಸಿ. ಓದಿನ ಹದಿನೈದು ನಿಮಿಷದಲ್ಲಿ ಅಲ್ಲ.

ಇನ್ನೂ ಓದಲು ಬಾರದ ಮಕ್ಕಳು

ನಾಲ್ಕನೇ ತರಗತಿಗೆ ಬಂದರೂ ಕಾಗುಣಿತದಲ್ಲೇ ನಿಂತವರು ಇರುತ್ತಾರೆ. ಅವರನ್ನು ಈ ಹೊತ್ತಲ್ಲಿ ಪಕ್ಕಕ್ಕೆ ಕೂರಿಸಿ ಕ ಕಾ ಕಿ ಕೀ ಬರೆಸಬೇಡಿ. ಅದು ಬೇಕು, ಬೇರೆ ಹೊತ್ತಲ್ಲಿ ಮಾಡಿ. ಉಳಿದವರೆಲ್ಲ ಆನೆ, ಮೊಲದ ಜೊತೆ ಇರುವಾಗ ತನಗೆ ಮಾತ್ರ ಸ್ಲೇಟು ಅಂದರೆ ಆ ಮಗುವಿಗೆ ಪುಸ್ತಕದ ಮೇಲೇ ಸಿಟ್ಟು ಬರುತ್ತದೆ. ಪದವೇ ಇಲ್ಲದ ಚಿತ್ರಪುಸ್ತಕ ಕೊಡಿ. ಓದಲು ಬರುವ ಒಬ್ಬರ ಜೊತೆ ಜೋಡಿ ಮಾಡಿ, ಆದರೆ ಪುಸ್ತಕ ಹಿಡಿದುಕೊಳ್ಳುವುದು ಬಾರದವರ ಕೈಯಲ್ಲೇ ಇರಲಿ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಮಾತಾಡುವವರು ಚಿತ್ರ ನೋಡಿ ತಮ್ಮ ಮಾತಿನಲ್ಲೇ ಕಥೆ ಹೇಳಿಕೊಳ್ಳಲಿ. ಲಂಬಾಣಿ ತಾಂಡಾದಿಂದ ಬರುವ ಒಬ್ಬ ಹುಡುಗ ಎರಡು ತಿಂಗಳು ಒಂದೇ ನರಿಯ ಪುಸ್ತಕ ಹಿಡಿದಿದ್ದ. ಬದಲಾಯಿಸು ಅನ್ನಬೇಕು ಅನಿಸುತ್ತಿತ್ತು, ಅನ್ನಲಿಲ್ಲ. ಆ ಪುಸ್ತಕದಲ್ಲಿ ಅವನು ಮೊದಲು ಗುರುತು ಹಿಡಿದ ಪದ 'ನರಿ', ಎರಡನೆಯದು 'ಓಡಿತು'. ಆಮೇಲೆ ಬೇರೆ ಪುಸ್ತಕದಲ್ಲೂ 'ಓಡಿತು' ಹುಡುಕಿಕೊಂಡು ಹೋದ.

ಪ್ರಶ್ನೆ ಕೇಳಬೇಡಿ

ಇದರಲ್ಲಿ ನಾನು ಪೂರ್ತಿ ಕೈ ಸುಟ್ಟುಕೊಂಡಿದ್ದೇನೆ. ಎರಡನೇ ವರ್ಷ, ದಾಖಲೆ ಇರಲಿ ಅಂತ, ಓದಿದ ಪ್ರತಿ ಪುಸ್ತಕಕ್ಕೂ ಕಥೆಯ ಸಾರಾಂಶ, ನೀತಿ, ಇಷ್ಟವಾದ ಪಾತ್ರ ಬರೆಯಲು ಹೇಳಿದೆ. ನೋಡಲು ಬಂದವರು ಮೆಚ್ಚಿದರು, ಫೋಟೊ ತೆಗೆದುಕೊಂಡು ಹೋದರು. ಎರಡೇ ವಾರದಲ್ಲಿ ಹಗ್ಗದ ಮೇಲೆ ದಪ್ಪ ಪುಸ್ತಕಗಳು ನೇತಾಡುತ್ತಲೇ ಉಳಿದವು, ಎಂಟು ಪುಟದವುಗಳಿಗೆ ಮಾತ್ರ ಕಿತ್ತಾಟ. ಸಾರಾಂಶವನ್ನು ಒಬ್ಬಳು ಬರೆದು ಹತ್ತು ಜನ ನಕಲು ಮಾಡುತ್ತಿದ್ದರು. ಚೆನ್ನಾಗಿ ಓದುತ್ತಿದ್ದ ಒಬ್ಬಳು ಬಂದು 'ಮಿಸ್, ಓದಿದ್ರೆ ಬರೀಬೇಕಲ್ಲಾ' ಅಂದಳು. ಅವತ್ತೇ ನಿಲ್ಲಿಸಿದೆ.

ಈಗ ಒಂದು ಹಾಳೆಯಲ್ಲಿ ಪುಸ್ತಕದ ಹೆಸರು, ತಾರೀಕು, ಪಕ್ಕದಲ್ಲಿ ನಗುವ ಮುಖ ಅಥವಾ ಆಕಳಿಸುವ ಮುಖ. ಅಷ್ಟೇ. ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಕೇಳಿದರೆ ಆ ಹಾಳೆ ಮತ್ತು ನನ್ನ ನೋಟ್‌ಬುಕ್ ತೋರಿಸುತ್ತೇನೆ, ಅದಕ್ಕಿಂತ ಜಾಸ್ತಿ ದಾಖಲೆ ಯಾರಿಗೂ ಬೇಕಾಗಿಲ್ಲ. ಶನಿವಾರ ಬೆಳಗಿನ ಶಾಲೆಯಲ್ಲಿ ಮೂರು ಮಕ್ಕಳು ಎದ್ದು ನಿಂತು ತಮ್ಮ ಪುಸ್ತಕದ ಬಗ್ಗೆ ಒಂದೊಂದು ನಿಮಿಷ ಹೇಳುತ್ತಾರೆ, ಕೊನೆ ಏನಾಯಿತು ಅಂತ ಹೇಳುವ ಹಾಗಿಲ್ಲ. 'ಆಮೇಲೆ ಏನಾಯ್ತು ಹೇಳೋ' ಅಂತ ಉಳಿದವರು ಪೀಡಿಸುತ್ತಾರೆ, ಸೋಮವಾರ ಆ ಪುಸ್ತಕಕ್ಕೆ ಸಾಲು.

ಮನೆಗೆ ಕಳಿಸುವುದು

ಇದನ್ನು ಮೊದಲ ಮೂರು ತಿಂಗಳು ಮಾಡಬೇಡಿ, ಆಮೇಲೆ ಮಾಡದೆ ಬಿಡಬೇಡಿ. ಶನಿವಾರ ಒಯ್ಯುವುದು, ಸೋಮವಾರ ತರುವುದು. ಮಗುವಿಗೊಂದು ಹಳೆ ಸೀರೆಯ ಬಟ್ಟೆಯಲ್ಲಿ ಹೊಲಿದ ಚೀಲ, ಒಬ್ಬ ತಾಯಿ ಒಂದೇ ವಾರದಲ್ಲಿ ಅಷ್ಟನ್ನೂ ಹೊಲಿದುಕೊಟ್ಟರು. ಪುಸ್ತಕದ ನಂಬರ್ ಬರೆದುಕೊಳ್ಳುವುದು ಗ್ರಂಥಾಲಯ ಮಂತ್ರಿಯ ಕೆಲಸ. ಕಳೆದರೆ ದಂಡ ಇಲ್ಲ, ಬೈಗುಳ ಇಲ್ಲ, ಯಾಕೆಂದರೆ ಒಂದು ಸಲ ಬೈದರೆ ಆ ಮಗು ಇನ್ಯಾವತ್ತೂ ಮನೆಗೆ ಪುಸ್ತಕ ಒಯ್ಯುವುದಿಲ್ಲ, ಅದನ್ನು ನೋಡಿದ ಇನ್ನೂ ಹತ್ತು ಮಕ್ಕಳು ಒಯ್ಯುವುದಿಲ್ಲ.

ಕಳೆದ ವರ್ಷ ನಮ್ಮಲ್ಲಿ ನಾಲ್ಕು ಪುಸ್ತಕ ಹೋದವು. ಎರಡು ಮಳೆಗೆ ನೆಂದವು, ಒಂದು ಅಜ್ಜಿ ಊರಿನ ಬಸ್ಸಿನಲ್ಲಿ ಉಳಿಯಿತು. ನಾಲ್ಕನೆಯದರ ಮೂಲೆಯನ್ನು ಕೊಟ್ಟಿಗೆಯಲ್ಲಿ ಕರು ತಿಂದುಹಾಕಿತ್ತು. ಅದನ್ನು ತಂದ ಹುಡುಗ ಅಳುತ್ತಾ ನಿಂತಿದ್ದ. ನಾವು ರಿಜಿಸ್ಟರಿನಲ್ಲಿ 'ಹಾನಿಯಾಗಿದೆ' ಅಂತ ಬರೆದು, ಮುಖ್ಯ ಶಿಕ್ಷಕರ ಸಹಿ ಹಾಕಿಸಿ, ಕರು ತಿಂದ ಸಾಲುಗಳನ್ನು ಅವನ ಕೈಯಲ್ಲೇ ಹೊಸದಾಗಿ ಬರೆಸಿ ಅಂಟಿಸಿ ಮತ್ತೆ ಹಗ್ಗಕ್ಕೆ ಹಾಕಿದೆವು. ಮೂಲ ಕಥೆಯಲ್ಲಿ ಕರು ಇರಲಿಲ್ಲ, ಈಗ ಇದೆ.